ಪೆನ್ಸಿಲ್ ಹತ್ತದ ನೆಗೆಟಿವ್

ಗೇರೆಣ್ಣೆಯ ಕಲೆ ತೆಗೆಯುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೂ ಒಂದಿತ್ತು.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಕುಂದಾಪುರದ ಪೇಟೆಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ. ಫೋಟೊ ತೆಗೆಯುವುದು ಯಜಮಾನರ ಕೆಲಸ. ಊಟದ ಪಾತ್ರೆ ತೊಳೆದಾದ ಮೇಲೆ ಹಿಂದಿನ ಕೋಣೆಯ ಕಿಟಕಿಯ ಪಕ್ಕ ಕೂತು ನೆಗೆಟಿವ್ ತಿದ್ದುವುದು ನನ್ನ ಕೆಲಸ. ಇಳಿಜಾರಿನ ಒಂದು ಮರದ ಮೇಜು, ಅದರ ನಡುವೆ ಗಾಜು, ಗಾಜಿನ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಹಾಯಿಸುವ ಕನ್ನಡಿ. ನೆಗೆಟಿವಿನ ಮೇಲೆ ಒಂದು ಹನಿ ಔಷಧಿ ಒರೆಸಿದರೆ ಅದಕ್ಕೆ ಪೆನ್ಸಿಲ್ ಹತ್ತುತ್ತದೆ. ಮೈಮೇಲಿನ ಕಪ್ಪು ಚುಕ್ಕೆ ನೆಗೆಟಿವಿನಲ್ಲಿ ತಿಳಿಯಾಗಿ ಕಾಣುತ್ತದೆ. ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಆ ತಿಳಿಯನ್ನು ತುಂಬಿಬಿಟ್ಟರೆ ಪ್ರಿಂಟಿನಲ್ಲಿ ಚುಕ್ಕೆಯೇ ಇರುವುದಿಲ್ಲ. ಕಾನ್ವೆಂಟಿನಲ್ಲಿ ಕಸೂತಿ ಕಲಿಸಿದ ಸಿಸ್ಟರ್, ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಶುಚಿಯಾಗಿರಬೇಕು ಎನ್ನುತ್ತಿದ್ದರು. ಆ ಮಾತು ನನ್ನ ಬೆರಳಿನಲ್ಲೇ ಉಳಿದುಬಿಟ್ಟಿತ್ತು.

ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಗೇರುಬೀಜದ ಕಾರ್ಖಾನೆಯವರು. ಕೈಗೆ ಬೂದಿ ಹಚ್ಚಿಕೊಂಡು ಬೀಜ ಒಡೆದರೂ ಸಿಪ್ಪೆಯ ಎಣ್ಣೆ ಹಾರಿ ಚರ್ಮ ಸುಡುತ್ತದೆ, ಕಪ್ಪು ಕಲೆ ಉಳಿಯುತ್ತದೆ. ಬೆವರಿದಾಗ ಅದೇ ಕೈಯಲ್ಲಿ ತುರಿಸಿಕೊಂಡರೆ ಕುತ್ತಿಗೆಗೂ, ಬೆನ್ನಿಗೂ. ಗಂಡಿನ ಮನೆಗೆ ಕಳಿಸುವ ಫೋಟೊದಲ್ಲಿ ಆ ಕಲೆ ಕಾಣಬಾರದು. ಅವರು ಹೇಳುವುದೂ ಬೇಡ, ನಾನು ಕೇಳುವುದೂ ಬೇಡ. ನಮ್ಮ ಸ್ಟುಡಿಯೊದಿಂದ ಗೇರೆಣ್ಣೆಯ ಕಲೆಯಿರುವ ಒಂದು ಪಟವೂ ಹೊರಗೆ ಹೋದದ್ದಿಲ್ಲ.

ಆ ವರ್ಷ ಮಳೆ ನಿಲ್ಲುವ ಹೊತ್ತಿಗೆ ಆಸ್ಪತ್ರೆಯ ಡಾಕ್ಟರಮ್ಮ ಹೇಳಿ ಕಳಿಸಿದರು. ಕುಂಭಾಶಿ ಕಡೆಯ ಒಬ್ಬ ಹೆಂಗಸು, ಬೀಜದ ಕಾರ್ಖಾನೆಯವಳೇ. ಅವಳ ಬೆನ್ನಿನ ಮೇಲೆ ಒಂದು ಕಪ್ಪು ಮಚ್ಚೆ. ಅದರ ಫೋಟೊವನ್ನು ಮಂಗಳೂರಿನ ದೊಡ್ಡ ಡಾಕ್ಟರಿಗೆ ಕಳಿಸಬೇಕು. ಗಂಡಸರು ತೆಗೆಯುವುದಾದರೆ ಕುಪ್ಪಸ ಬಿಚ್ಚುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಹಾಗಾಗಿ ನಾನೇ ಹೋದೆ. ನಮ್ಮಲ್ಲಿದ್ದದ್ದು ಎರಡು ಕಣ್ಣಿನ ಕ್ಯಾಮೆರಾ. ಮೇಲಿನ ಕಣ್ಣಿನಿಂದ ನಾವು ನೋಡುವುದು, ಕೆಳಗಿನ ಕಣ್ಣಿನಿಂದ ಫಿಲ್ಮ್ ನೋಡುವುದು. ಮೂರೂವರೆ ಅಡಿಗಿಂತ ಹತ್ತಿರ ಹೋಗುವ ಹಾಗಿಲ್ಲ.

ಅವಳು ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತು ಕೇಳಿದಳು: "ಹ್ವಾಯ್ ಅಮ್ಮ, ಬೆನ್ನಿಗೂ ಪೌಡರ್ ಹಾಕ್ಕಾ?"

"ಬೇಡ. ಅಲುಗಾಡದೆ ಕೂಕಣಿ, ಸಾಕ್."

"ನಗಾಡುದ್ ಬ್ಯಾಡ್ದಾ ಹಂಗಾರೆ?"

ನಾನೂ ನಕ್ಕೆ. ನಗುತ್ತಲೇ ತೆಗೆದೆ. ಆ ವಾರವೇ ಡಾಕ್ಟರಮ್ಮ ರಜೆಯ ಮೇಲೆ ಊರಿಗೆ ಹೋದರು. ಪ್ರಿಂಟನ್ನು ಆಸ್ಪತ್ರೆಯ ನರ್ಸಿನ ಕೈಗೆ ಕೊಟ್ಟೆ, ಅವರು ಡಾಕ್ಟರಮ್ಮನ ಚೀಟಿಯ ಜೊತೆ ಅಂಚೆಗೆ ಹಾಕಿದರು. ಮಂಗಳೂರಿನಿಂದ ಪ್ರಿಂಟಿನ ಜೊತೆಗೆ ಉತ್ತರವೂ ಬಂತಂತೆ: ಅಂಚು ದುಂಡಗಿದೆ, ಸುತ್ತಲಿನ ಚರ್ಮ ಶುಭ್ರವಾಗಿದೆ, ಅವಸರವಿಲ್ಲ.

ಎರಡು ತಿಂಗಳ ಮೇಲೆ ಡಾಕ್ಟರಮ್ಮ ವಾಪಸು ಬಂದರು. ಬಂದ ಎರಡನೆಯ ದಿನ ನನ್ನನ್ನು ಕರೆಸಿದರು. ನಾನು ಹೋದಾಗ ಕುಂಭಾಶಿಯ ಹೆಂಗಸು ಅದೇ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತಿದ್ದಳು. ಡಾಕ್ಟರಮ್ಮನ ಕೈಯಲ್ಲಿ ನನ್ನ ಪ್ರಿಂಟ್ ಇತ್ತು. ಅದನ್ನು ಆ ಬೆನ್ನಿನ ಪಕ್ಕ ಹಿಡಿದು ನನ್ನನ್ನು ಕೇಳಿದರು:

"ಇದು ಯಾರ ಬೆನ್ನು?"

ಬೆನ್ನಿನ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಮಚ್ಚೆ. ಅದರ ಅಂಚು ಇಲಿ ಕಡಿದ ಬಟ್ಟೆಯ ಹಾಗಿತ್ತು. ಸುತ್ತ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ಪ್ರಿಂಟಿನಲ್ಲಿ ಮಾತ್ರ ದುಂಡಗಿನ ಒಂದು ಬೊಟ್ಟು, ಸುತ್ತ ತೊಳೆದಿಟ್ಟಂಥ ಬೆನ್ನು.

"ಎರಡು ತಿಂಗಳಲ್ಲಿ ಇಷ್ಟಾಯಿತೋ, ಅವತ್ತೇ ಇತ್ತೋ? ನನಗೆ ಆವಾಗಲೇ ಅಂಚು ಸರಿ ಕಂಡಿರಲಿಲ್ಲ. ಅದಕ್ಕೇ ಅಲ್ವಾ ಫೋಟೊ ತೆಗೆಸಿದ್ದು?" ಎಂದರು.

ನನಗೆ ಉತ್ತರ ಗೊತ್ತಿತ್ತು. ಆ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆಯಿತ್ತು, ಕಿಟಕಿಯ ಸರಳಿಗೆ ಒಂದು ಬಿಳಿ ಟವೆಲು ಒಣಹಾಕಿದ್ದರು, ಅದರ ಅಂಚಿನಲ್ಲಿ ಕೆಂಪು ದಾರದ ಹೊಲಿಗೆ ಎರಡು ಕಡೆ ಬಿಟ್ಟಿತ್ತು. ಇಷ್ಟು ವರ್ಷದ ಮೇಲೂ ಆ ಬಿಟ್ಟ ಹೊಲಿಗೆ ಕಣ್ಣ ಮುಂದೆ ಹಾಗೇ ಇದೆ. ಆಮೇಲೆ ಹೇಳಿದೆ: "ಗೇರೆಣ್ಣೆ ಕಲೆ ಅಂದುಕೊಂಡೆ ಡಾಕ್ಟರಮ್ಮ. ತೆಗೆದುಬಿಟ್ಟೆ."

ಅವರು ಬೈಯಲಿಲ್ಲ. ಪ್ರಿಂಟನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಬೈದಿದ್ದರೆ ನನಗೆ ಅಳುವುದಕ್ಕಾದರೂ ಆಗುತ್ತಿತ್ತು.

ಮನೆಗೆ ಬಂದು ನೆಗೆಟಿವ್ ಹುಡುಕಿ, ಹತ್ತಿಗೆ ಸ್ಪಿರಿಟ್ ತಾಗಿಸಿ ನನ್ನ ಪೆನ್ಸಿಲನ್ನು ನಾನೇ ಒರೆಸಿದೆ. ಹತ್ತಿ ಬೂದುಬಣ್ಣಕ್ಕೆ ತಿರುಗಿತು. ಕೆಳಗೆ ಚುಕ್ಕೆಗಳಿದ್ದವು, ಎರಡು ತಿಂಗಳ ಹಿಂದೆಯೇ. ಆದರೆ ಮೂರೂವರೆ ಅಡಿ ದೂರದಿಂದ ತೆಗೆದದ್ದು, ದೊಡ್ಡದು ಮಾಡಿ ಪ್ರಿಂಟ್ ಹಾಕಿದರೆ ಚುಕ್ಕೆ ಯಾವುದು ದೂಳು ಯಾವುದು ಎಂದು ಆಣೆಯಿಟ್ಟು ಹೇಳುವಂತಿರಲಿಲ್ಲ.

ಆಣೆಯಿಟ್ಟು ಹೇಳುವುದೇ ಈಗ ಬೇಕಾಗಿತ್ತು. ಕುಂಭಾಶಿಯ ಹೆಂಗಸು ಮಂಗಳೂರಿಗೆ ಹೋಗುವುದಿಲ್ಲ ಎಂದು ಕೂತಿದ್ದಳು. ಮಚ್ಚೆ ಹರಡುತ್ತಿದೆ, ಈಗಲೇ ಕೊಯ್ದು ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಕನ್ನಡಿ ಹಿಡಿದು ತೋರಿಸಿದರು. ಕುತ್ತಿಗೆ ತಿರುಗಿಸಿದಾಗ ಅವಳಿಗೆ ಹೆಗಲಿನ ತುದಿ ಬಿಟ್ಟು ಬೇರೇನೂ ಕಾಣಲಿಲ್ಲ.

"ದೊಡ್ಡ ಡಾಕ್ಟ್ರೇ ಎಂತ ಇಲ್ಲೆ ಅಂದೀರಲೆ? ಪಟದಗೂ ಎಂತ ಇಲ್ಲೆ," ಎಂದಳು. "ಕಾಣದೆ ಕತ್ತಿಗೆ ಬೆನ್ನ್ ಕೊಡ್ತ್ರಾ ಯಾರಾರೂ? ನಂಗೆ ಕಾಣ್ಸಿ. ಕಂಡ್ ಮೇಲೆ ಹೋತೆ."

ನನ್ನ ಪಟವನ್ನು ಅವಳು ಅಷ್ಟು ನಂಬಿದ್ದಳು. ಮಚ್ಚೆಯನ್ನು ಇದ್ದಷ್ಟೇ ದೊಡ್ಡದಾಗಿ, ಪಕ್ಕದಲ್ಲಿ ಅಳತೆಯ ಪಟ್ಟಿ ಇಟ್ಟು ತೆಗೆದ ಫೋಟೊ ಬೇಕು ಎಂದರು ಡಾಕ್ಟರಮ್ಮ. ನಮ್ಮ ಕ್ಯಾಮೆರಾದಲ್ಲಿ ಅದು ಸಾಧ್ಯವೇ ಇಲ್ಲ. ಹತ್ತಿರ ಹೋದಷ್ಟೂ ಮೇಲಿನ ಕಣ್ಣು ಕಂಡದ್ದೇ ಒಂದು, ಕೆಳಗಿನ ಕಣ್ಣು ಹಿಡಿದದ್ದೇ ಒಂದು. ಒಂದೇ ಕಣ್ಣಿನ ಕ್ಯಾಮೆರಾ ಬೇಕು. ಅದರೊಳಗೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ, ಫಿಲ್ಮ್ ನೋಡುವುದನ್ನೇ ನಾವೂ ನೋಡುತ್ತೇವೆ.

ಅಂಥದ್ದು ಆಗ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಆದರೆ ಬಿಜೂರಿನ ಒಬ್ಬರು ಹಡಗಿನಲ್ಲಿ ಕೆಲಸಕ್ಕಿದ್ದವರು ರಜೆಗೆ ಬಂದಿದ್ದರು. ಅವರ ಹತ್ತಿರ ಎರಡು ಇದ್ದವು, ಒಂದನ್ನು ಕೊಡುತ್ತೇನೆ ಎಂದು ಯಜಮಾನರಿಗೆ ಮೊದಲೇ ಹೇಳಿದ್ದರು. ಮದುವೆಮನೆಗೆ ಆಗುತ್ತದೆ ಎಂದು ಇವರಿಗೂ ಆಸೆಯಿತ್ತು. ಮಾರನೆಯ ದಿನ ಆ ಹಡಗಿನವರು ಎರಡನ್ನೂ ಕೈಚೀಲದಲ್ಲಿ ಹಾಕಿಕೊಂಡು ಬಂದರು. ಮೂರನೆಯ ದಿನ ಅವರಿಗೆ ಬೊಂಬಾಯಿ ಬಸ್ಸು. ಅಷ್ಟರೊಳಗೆ ಆರಿಸಬೇಕು.

"ಹ್ವಾಯ್ ಕಾಣಿ, ಇದ್ ಜಪಾನಿದ್. ಏಕ್‌ದಮ್ ಹೊಸತ್. ಕಣ್ಣ್ ಮುಚ್ಚಿ ತಕಣಿ," ಎಂದು ಹೊಳೆಯುವ ಒಂದನ್ನು ಮೇಜಿನ ಮೇಲಿಟ್ಟರು. "ಇದ್ ಜರ್ಮನಿದ್. ಅಜ್ಜ. ಇದನ್ನ್ ತಕಂಡ್ ನಾಳೆ ನಂಗೆ ಬೈಬೇಡಿ."

ಎರಡರ ಮೂತಿಯ ತಿರುಪೂ ಒಂದೇ ಅಳತೆ. ಇದ್ದ ಒಂದು ಲೆನ್ಸ್, ಹತ್ತಿರದ್ದು ತೆಗೆಯಲು ಬೇಕಾದ ಮೂರು ರಿಂಗ್ ಎರಡಕ್ಕೂ ಕೂರುತ್ತಿದ್ದವು. ಹಾಗಾಗಿ ಆರಿಸಬೇಕಾದ್ದು ಬಾಡಿ ಮಾತ್ರ. ನಾನು ಮುಂದೆ ಬಂದು ಕೈಗೆ ಎತ್ತಿಕೊಂಡದ್ದು ನೋಡಿ ಹಡಗಿನವರಿಗೆ ತಮಾಷೆಯಾಯಿತು.

"ಎಂತ ಮಾರಾಯ್ರೆ, ಕ್ಯಾಮೆರಾ ಹೆಂಗಸ್ರ್ ಆರ್ಸುದಾ? ಬಸಳೆ ಸೊಪ್ಪಾ ಇದ್?"

"ಬಸಳೆಯಾರೂ ಎಲೆ ತಿರ್ಗ್ಸಿ ಕಂಡೇ ತಕಂಬುದ್," ಎಂದೆ. ಸಾಮಾನ್ಯಕ್ಕೆ ನಾನು ಹೊರಗಿನವರೆದುರು ಅಷ್ಟು ಮಾತಾಡುವವಳಲ್ಲ. ಯಜಮಾನರು ನನ್ನ ಮುಖ ನೋಡಿದರು.

ಮೊದಲು ಎಲೆಯ ಹಿಂಬದಿ. ಲೆನ್ಸ್ ತೆಗೆದು, ಹಿಂದಿನ ಬಾಗಿಲು ತೆರೆದು, ಶಟರಿನ ಕಪ್ಪು ಪರದೆಯನ್ನು ಬಿಸಿಲಿಗೆ ಹಿಡಿದೆ. ನಮ್ಮ ಕಡಲ ಗಾಳಿಗೆ ಬಟ್ಟೆಯ ಪರದೆ ಬೇಗ ಜೀರ್ಣವಾಗುತ್ತದೆ, ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದ ಹಾಗೆ ಕಾಣುತ್ತದೆ. ಎರಡರಲ್ಲೂ ಕಾಣಲಿಲ್ಲ. ಆಮೇಲೆ ಕಿವಿಯ ಹತ್ತಿರ ಹಿಡಿದು ಒಂದೊಂದೇ ವೇಗಕ್ಕೆ ಒತ್ತಿ ಕೇಳಿದೆ. ಜಪಾನಿನದು ಎಲ್ಲ ವೇಗದಲ್ಲೂ ಶುದ್ಧ. ಜರ್ಮನಿಯದು ಒಂದು ಸೆಕೆಂಡಿಗೆ, ಅರ್ಧ ಸೆಕೆಂಡಿಗೆ ಇಟ್ಟರೆ ಮುದುಕರ ಕೆಮ್ಮಿನ ಹಾಗೆ ನಡುವೆ ತಡೆಯುತ್ತಿತ್ತು. ಸೆಕೆಂಡಿನ ಮೂವತ್ತರಲ್ಲೊಂದು ಪಾಲಿಗೆ ಇಟ್ಟರೆ ಸರಿ. ಬೆಳಗಿನ ಬಿಸಿಲಲ್ಲಿ, ಸ್ಟ್ಯಾಂಡಿನ ಮೇಲೆ ಇಟ್ಟು ತೆಗೆದರೆ ನನಗೆ ಬೇಕಾಗುವ ವೇಗವೂ ಅದೇ.

ಜರ್ಮನಿಯದನ್ನು ಕಣ್ಣಿಗೆ ಹಿಡಿದು ಅಂಗಳದ ದಾಸವಾಳವನ್ನು ನೋಡಿದೆ. ಒತ್ತಿದೆ. ಎಲ್ಲ ಕತ್ತಲು. ಹೂವಿಲ್ಲ, ಅಂಗಳವಿಲ್ಲ. ಇದನ್ನೂ ಹಾಳು ಮಾಡಿದೆನೇ ಎಂದು ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಿದೆ.

ಹಡಗಿನವರು ನಗಾಡಿದರು. "ಅಜ್ಜ ಅಲ್ದಾ? ಒಂದ್ ಸಲ ಕಂಡ್ರೆ ಕಣ್ಣ್ ಮುಚ್ಚುತ್ತ್. ಫಿಲ್ಮ್ ತಿರ್ಗ್ಸಿ ಕಾಣಿ, ಏಳತ್ತ್."

ತಿರುಗಿಸಿದೆ. ದಾಸವಾಳ ಮತ್ತೆ ಬಂತು. ಒತ್ತಿದಾಗ ಮೇಲಕ್ಕೆ ಹೋದ ಕನ್ನಡಿ, ಮುಂದಿನ ಫಿಲ್ಮಿಗೆ ತಿರುಗಿಸುವವರೆಗೆ ಕೆಳಗಿಳಿಯುವುದಿಲ್ಲ. ಜಪಾನಿನದರಲ್ಲಿ ಆ ಕಷ್ಟವಿಲ್ಲ, ರೆಪ್ಪೆ ಬಡಿದಷ್ಟೇ ಹೊತ್ತು.

"ಮದಿ ಮನೆಗೆ ಇದ್ ಆಪ್ದಲ್ಲ," ಎಂದರು ಯಜಮಾನರು. "ನಾವ್ ಕತ್ಲಿಯಗೆ ಇಪ್ಪೊತ್ತಿಗೆ ಧಾರೆ ಎರ್ದೇ ಆಯಿರತ್ತ್. ಜಪಾನಿದೇ ಸಮ."

ನನಗೂ ಹಾಗೇ ಅನ್ನಿಸಿತು. ಮೂರೂ ರಿಂಗ್ ಹಾಕಿ ನೋಡುವವರೆಗೆ. ಜಪಾನಿನದರೊಳಗೆ ಕಾಣುವ ಗಾಜಿನ ನಡುವೆ ಒಂದು ದುಂಡು, ಅದರಲ್ಲಿ ಎರಡು ಹೋಳು. ಹೋಳುಗಳೆರಡೂ ಕೂಡಿಕೊಂಡರೆ ಚಿತ್ರ ಸ್ಫುಟವಾಯಿತು ಎಂದು ಲೆಕ್ಕ. ದೂರದ್ದಕ್ಕೆ ಬಹಳ ಸುಲಭ. ರಿಂಗ್ ಹಾಕಿದ ಕೂಡಲೇ ಒಂದು ಹೋಳು ಕಪ್ಪಾಗಿ ಹೋಯಿತು. ಕಣ್ಣು ಅತ್ತಿತ್ತ ಸರಿಸಿದರೆ ಆ ಕಪ್ಪು ಇನ್ನೊಂದು ಹೋಳಿಗೆ ಹೋಯಿತು. ನಾನು ನೋಡಬೇಕಾದ ಜಾಗ ಸರಿಯಾಗಿ ನಡು, ಅಲ್ಲೇ ಕುರುಡು. ಜರ್ಮನಿಯ ಅಜ್ಜನೊಳಗೆ ಹೋಳೂ ಇಲ್ಲ, ದುಂಡೂ ಇಲ್ಲ. ಬರೀ ಮಸಕು ಗಾಜು, ಬೆಳಕು ಕಡಿಮೆ, ಆದರೆ ಈ ಮೂಲೆಯಿಂದ ಆ ಮೂಲೆಯವರೆಗೆ ಒಂದೇ ಸಮ.

ನನ್ನ ಕಣ್ಣನ್ನು ನಂಬುವ ಧೈರ್ಯ ನನಗೆ ಆ ವಾರ ಇರಲಿಲ್ಲ. ಯಜಮಾನರಿಂದ ಎರಡು ತುಂಡು ಫಿಲ್ಮ್ ಕೇಳಿ ಎರಡಕ್ಕೂ ಹಾಕಿಸಿಕೊಂಡೆ. ದಿಂಬಿನ ಮೇಲೆ ಪೊಟ್ಟಣದ ಕಂದು ಕಾಗದ ಸುತ್ತಿ, ನಡುವೆ ಒಂದು ಹುಣಸೆ ಬೀಜ ಅಂಟಿಸಿ, ಸುತ್ತ ಕರಿ ಎಳ್ಳು ಅಂಟಿಸಿದೆ. ಹನ್ನೊಂದು ಕಾಳು. ಅವರಿಗೆ ಲೆಕ್ಕ ಹೇಳಲಿಲ್ಲ. ಅದೇ ದಿಂಬು, ಅದೇ ಬಿಸಿಲು, ಅದೇ ಲೆನ್ಸ್. ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಅವರು ತೊಳೆದು ಪ್ರಿಂಟ್ ಹಾಕಿದರು. ಒಂದರ ಹಿಂದೆಯೂ ಹೆಸರು ಬರೆಯದೆ ಇಬ್ಬರೂ ಬಾಗಿಲ ಹತ್ತಿರ ಬೆಳಕಿಗೆ ತಂದೆವು.

"ಎಳ್ಳ್ ಎಷ್ಟಿತ್ತ್ ಹೇಳಿ ಕಾಂಬ," ಎಂದೆ.

ಅವರು ಮೊದಲನೆಯದರಲ್ಲಿ ಎಣಿಸಿದರು. "ಏಳ್." ಎರಡನೆಯದರಲ್ಲಿ ಬೆರಳಿಟ್ಟು ಎಣಿಸಿದರು. "ಒಂಬತ್ತ್... ಹತ್ತ್. ಇಲ್ಲೊಂದ್ ತಾಗಿ ಕೂತಿತ್ತ್. ಹನ್ನೊಂದ್."

ನೆಗೆಟಿವಿಗೆ ಹೋಲಿಸಿ ನೋಡಿದೆವು: ಹನ್ನೊಂದು ತೋರಿಸಿದ್ದು ಅಜ್ಜ.

ಅವರು ಎರಡನ್ನೂ ಇನ್ನೊಮ್ಮೆ ಮೊದಲಿನಿಂದ ಎಣಿಸಿದರು. ಮದುವೆಯ ಕ್ಯಾಮೆರಾದ ಆಸೆಯನ್ನು ಬಿಡುವುದಕ್ಕೆ ಅಷ್ಟು ಹೊತ್ತು ಬೇಕಾಯಿತೇನೋ. ಆಮೇಲೆ ಒದ್ದೆ ನೆಗೆಟಿವನ್ನು ಬೆಳಕಿಗೆ ಹಿಡಿದು ಹೇಳಿದರು: "ಇದ್ ಕಾಣ್ ಹೆಣೆ, ಅಂಚೆ ಚೀಟಿಯಷ್ಟೇ ಇತ್ತ್. ಇದಕ್ಕೆ ನಿನ್ನ ಪೆನ್ಸಿಲ್ ಹತ್ತುದಿಲ್ಲೆ. ತಿದ್ದೂಕೆ ಜಾಗವೇ ಇಲ್ಲೆ. ಇನ್ ನೀ ಎಂತ ಮಾಡ್ತೆ?"

"ಕಣ್ಣ್ ಬಿಟ್ಟ್ ಕಾಂತೆ," ಎಂದೆ. "ಬರೀ ಕಾಂತೆ."

ಹಡಗಿನವರು ಜಪಾನಿನದನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಇನ್ನೊಮ್ಮೆ ನೆನಪಿಸಿದರು: "ಬೈಬೇಡಿ ಮತ್ತೆ."

ಮಾರನೆಯ ಬೆಳಿಗ್ಗೆ ಯಜಮಾನರು ಬ್ರಹ್ಮಾವರದ ಒಂದು ಮದುವೆಗೆ ಹಳೆಯ ಕ್ಯಾಮೆರಾ ಹಿಡಿದು ಹೊರಟರು, ನಾನು ಅಜ್ಜನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಸ್ಪತ್ರೆಗೆ. ಅಲ್ಲಿನ ಪೂರ್ವದ ಕಡೆಯ ಜಗಲಿಯಲ್ಲಿ ಎಳೆ ಬಿಸಿಲು ಬೀಳುತ್ತಿತ್ತು. ನರ್ಸ್ ಎರಡು ಬಿಳಿ ಚಾದರ ಕಟ್ಟಿ ಮರೆ ಮಾಡಿದರು. ಕುಂಭಾಶಿಯ ಹೆಂಗಸು ಕೆಲಸ ತಪ್ಪಿಸಿ ಬಂದಿದ್ದಳು.

"ಇದೇ ಕಡೇ ಸಲ ಅಮ್ಮ," ಎಂದಳು. "ನನ್ ಬೆನ್ನ್ ಕಂಡಷ್ಟ್ ಸಲ ಯಾರೂ ನನ್ ಮುಖ ಕಾಣ್ಲಿಲ್ಲ."

ಅಳತೆಯ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿದೆ. ಅಷ್ಟು ಹತ್ತಿರದಲ್ಲಿ ಅವಳ ಉಸಿರಿಗೇ ಮಚ್ಚೆ ಸ್ಫುಟವಾಗುತ್ತಿತ್ತು, ಮಸಕಾಗುತ್ತಿತ್ತು. ಉಸಿರು ಬಿಟ್ಟು ಹಾಗೇ ನಿಲ್ಲಿಸಲು ಹೇಳಿದೆ. ಗಾಜಿನ ಮೇಲೆ ಆ ಅಂಚು ಬಂತು. ಒತ್ತಿದೆ. ಕತ್ತಲು. ಆ ಕತ್ತಲಲ್ಲಿ ಅವಳು ಅಲುಗಿದಳೋ ಇಲ್ಲವೋ ಗೊತ್ತಾಗುವುದಿಲ್ಲ. ತಿರುಗಿಸಿದೆ, ನೋಡಿದೆ, ಮತ್ತೆ ಒತ್ತಿದೆ. ಹನ್ನೆರಡು ಸಲ.

ಸಂಜೆ ಯಜಮಾನರು ಬಂದ ಕೂಡಲೇ ಪ್ರಿಂಟ್ ಹಾಕಿದೆವು. ಕೆಂಪು ದೀಪದ ಕೆಳಗೆ, ತಟ್ಟೆಯ ಔಷಧಿ ನೀರಿನಲ್ಲಿ ಬಿಳಿ ಕಾಗದ. ಮೊದಲು ಪಟ್ಟಿಯ ಗೆರೆಗಳು ಬಂದವು. ಆಮೇಲೆ ಮಚ್ಚೆ. ಆಮೇಲೆ ಒಂದೊಂದಾಗಿ ಚುಕ್ಕೆ. ನನಗೆ ಗೊತ್ತಿದ್ದದ್ದೇ, ಕಣ್ಣಾರೆ ನೋಡಿದ್ದೇ. ಆದರೂ ಅವು ಬರುತ್ತಲೇ ಇದ್ದಾಗ ಒಂದೊಂದನ್ನೂ ಎಣಿಸಿದೆ. ಎರಡು ತಿಂಗಳ ಹಿಂದೆ ಇವನ್ನೆಲ್ಲ ನಾನು ಒಂದು ಮಧ್ಯಾಹ್ನ, ಬಾಯಲ್ಲಿ ಏನೋ ಹಾಡು ಗುನುಗುತ್ತಾ ಅಳಿಸಿದ್ದೆ.

ಪ್ರಿಂಟನ್ನು ನಾನೇ ಅವಳ ಕೈಗೆ ಕೊಟ್ಟೆ, ಡಾಕ್ಟರಮ್ಮನ ಎದುರು. ಹಳೆಯದನ್ನೂ ಪಕ್ಕದಲ್ಲಿ ಇಟ್ಟೆ. ಅವಳು ಹೊಸದನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ಇದ್ ಎಂತದಮ್ಮ? ಗೇರೆಣ್ಣೆಯಾ?"

"ಅಲ್ಲ. ಮಚ್ಚೆಯದ್ದೇ. ಮೊದ್ಲೂ ಇದ್ದಿತ್ತ್. ನಾನೇ ಪೆನ್ಸಿಲಗೆ ಮುಚ್ಚಿದ್ದೆ. ಗೇರೆಣ್ಣೆ ಅಂದೇಳಿ ಮಾಡಿ."

ಅವಳು ಎರಡೂ ಪಟಗಳನ್ನು ಮತ್ತೆ ನೋಡಿದಳು. ಬೆರಳಿನ ತುದಿಯ ಕಪ್ಪು ಕಲೆ ಪಟದ ಚುಕ್ಕೆಗಳ ಪಕ್ಕದಲ್ಲೇ ಇತ್ತು.

"ಚಂದ ಮಾಡಿ ಅಂದೇಳಿ ನಾ ಹೇಳಿರ್ಲಿಲ್ಲಲೆ ಅಮ್ಮ," ಎಂದಳು. ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ನಾಳೆಗೆ ಬಸ್ ಎಷ್ಟೊತ್ತಿಗೆ?" ಎಂದು ಕೇಳಿದಳು.

ಮಂಗಳೂರಿನಲ್ಲಿ ಮಚ್ಚೆಯನ್ನೂ ಅದರ ಸುತ್ತ ಅಂಗೈಯಗಲದ ಚರ್ಮವನ್ನೂ ಕೊಯ್ದು ತೆಗೆದರಂತೆ. ರೋಗ ಕಂಕುಳಿನ ಗಂಟಿಗೆ ಇನ್ನೂ ಹೋಗಿರಲಿಲ್ಲ, ಇನ್ನೊಂದು ಮಳೆಗಾಲ ತಡೆದಿದ್ದರೆ ಹೇಳುವಂತಿರಲಿಲ್ಲ ಎಂದು ಅಲ್ಲಿಂದ ಬಂದ ಕಾಗದವನ್ನು ಡಾಕ್ಟರಮ್ಮ ನನಗೆ ಓದಿ ಹೇಳಿದರು. ಇಂಗ್ಲಿಷಿನ ಆ ಎರಡು ಸಾಲುಗಳನ್ನು ನಾನೇ ಓದಬಲ್ಲವಳಾಗಿದ್ದರೂ ಕೇಳಿಸಿಕೊಂಡೇ ಕೂತೆ.

ಮುಂದಿನ ಬೇಸಿಗೆಯಲ್ಲಿ ಅವಳು ಸ್ಟುಡಿಯೊದ ಬಾಗಿಲಿಗೆ ಬಂದಳು. ತಲೆಗೆ ಅಬ್ಬಲಿಗೆ ಮುಡಿದು, ಇಸ್ತ್ರಿ ಹಾಕಿದ ಸೀರೆ ಉಟ್ಟು. ಬೊಂಬಾಯಿ ಹೋಟೆಲಿನಲ್ಲಿರುವ ತಮ್ಮನಿಗೆ ಕಳಿಸಲು ಒಂದು ಪಟ ಬೇಕಿತ್ತು. ಯಜಮಾನರು ಒಳಗೆ ಹೋಗಿ ಹಳೆಯ ಕ್ಯಾಮೆರಾ ತರುವಷ್ಟರಲ್ಲಿ ನಾನು ಅಜ್ಜನನ್ನು ಸ್ಟ್ಯಾಂಡಿಗೆ ಹಾಕಿದ್ದೆ.

"ಹ್ವಾಯ್ ಅಮ್ಮ, ಈ ಸಲ ಹೇಳ್ತೆ ಕಾಣಿ," ಎಂದಳು. "ಕೈ ಮೇಲಿನ ಕಲೆ ತೆಗೀನಿ. ತಮ್ಮ ಕಂಡ್ರೆ ಬೇಜಾರ್ ಮಾಡ್ಕಂತ."

"ಈ ಕ್ಯಾಮೆರಾದಗೆ ಅದ್ ಆತಿಲ್ಲೆ. ಇದ್ದದ್ದ್ ಇದ್ದಂಗೇ ಬತ್ತ್."

"ಇದೆಂತ ಕ್ಯಾಮೆರಾ ಮಾರಾಯ್ರೆ! ಹಂಗಾರೆ ಕೈ ಹಿಂದೆ ಕಟ್ಕಂತೆ, ಬಿಡಿ."

ಸ್ಟೂಲಿನ ಮೇಲೆ ಕೂತಳು. ಎಡಗೈ ಬೆನ್ನ ಹಿಂದೆ ಹೋಯಿತು. ಬಲಗೈ ಅರ್ಧಕ್ಕೆ ಹೋಗಿ ನಿಂತಿತು. ಕೊಯ್ದ ಜಾಗದ ಚರ್ಮ ಬಿಗಿದುಕೊಂಡಿತ್ತು, ಅದಕ್ಕಿಂತ ಹಿಂದಕ್ಕೆ ಕೈ ಹೋಗುತ್ತಿರಲಿಲ್ಲ. ಅವಳು ಇನ್ನೊಮ್ಮೆ ಪ್ರಯತ್ನಿಸಿದಳು, ತುಟಿ ಕಚ್ಚಿದಳು, ಆಮೇಲೆ ತನ್ನಷ್ಟಕ್ಕೇ ನಕ್ಕು ಕೈಯನ್ನು ಮುಂದಕ್ಕೆ ತಂದು ಸೀರೆಯ ನೆರಿಗೆಯ ಮೇಲೆ ಇಟ್ಟುಕೊಂಡಳು. ಮಸಕು ಗಾಜಿನ ಮೇಲೆ ಒಂದೊಂದು ಕಲೆಯೂ ಕಾಣುತ್ತಿತ್ತು.

"ಇದ್ದಂಗೇ ತೆಗೀನಿ ಅಮ್ಮ," ಎಂದಳು.

ಒತ್ತಿದೆ. ಕತ್ತಲಾಯಿತು. ತಿರುಗಿಸಿದೆ. ಅವಳು ಅಲ್ಲೇ ಕೂತಿದ್ದಳು.